ಚೋರ್ ಬಜಾರಿನಲ್ಲಿ ಹಳೆ ರೇಡಿಯೋ, ಗ್ರಾಮಫೋನ್ ಕೊಳ್ಳುವ ಮುಂಚೆ

ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹಳೆ ಸಾಮಾನು ಹುಡುಕಿಕೊಂಡು ಹೋಗುವವರು ಗುಂಪಿನಲ್ಲಿ ಸುಮಾರು ಜನ ಇದ್ದೀರಿ ಅಲ್ವಾ? ಶುಕ್ರವಾರ ಮಾತ್ರ ಬೇಡ. ಅಂದು ಅಲ್ಲಿನ ಅಂಗಡಿಗಳಿಗೆ ರಜೆ, ಬೀದಿಯಲ್ಲಿ ಗುಜರಿ ಸಂತೆ.

ಫಳಫಳ ಹೊಳೆಯುವ ಹಿತ್ತಾಳೆ ಕಹಳೆಯ ಗ್ರಾಮಫೋನ್ ಕಂಡರೆ ಮರುಳಾಗಬೇಡಿ. ಅವುಗಳಲ್ಲಿ ಬಹಳಷ್ಟು ಹಳೆ ಮೋಟರಿಗೆ ಹೊಸ ಪೆಟ್ಟಿಗೆ, ಹೊಸ ಕಹಳೆ ಸೇರಿಸಿ ಮಾಡಿದವು. ಎಚ್‌ಎಂವಿ ಕಂಪನಿಯ ಗುರುತಾದ ನಾಯಿಯ ಚಿತ್ರ ಅಂಟಿಸುವುದು ಏನು ಮಹಾ ಕೆಲಸ? ಸೂಟ್‌ಕೇಸಿನಂಥ ಪೋರ್ಟಬಲ್ ನೋಡಲು ಸಾದಾ, ಆದರೆ ಅಸಲಿ ಸಿಗುವ ಸಾಧ್ಯತೆ ಜಾಸ್ತಿ.

ಗಾಜಿನ ವಾಲ್ವ್‌ಗಳಿರುವ ಹಳೆ ರೇಡಿಯೋ ತಂದರೆ ಸುಮ್ನೆ ಪ್ಲಗ್ ಚುಚ್ಚಬೇಡಿ. ದಶಕಗಳಿಂದ ಮಲಗಿದ್ದ ಸೆಟ್ಟಿನ ಕೆಪಾಸಿಟರ್‌ಗಳು ಕೆಟ್ಟಿರುತ್ತವೆ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಕೆಲಸ ಬಲ್ಲ ಮೆಕ್ಯಾನಿಕ್ ಆ ಕೆಪಾಸಿಟರ್‌ಗಳನ್ನು ಬದಲಿಸಿ, ಕರೆಂಟ್ ಮಿತಿಮೀರದಂತೆ ಸೀರೀಸ್‌ನಲ್ಲಿ ಒಂದು ಬಲ್ಬ್ ಹಾಕಿಯೇ ಚಾಲೂ ಮಾಡುತ್ತಾರೆ. ಎಸಿ, ಡಿಸಿ ಎರಡೂ ಕರೆಂಟಿನಲ್ಲಿ ನಡೆಯುವ ಸೆಟ್ಟುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಒಳಗಿನ ಲೋಹದ ಚೌಕಟ್ಟಿಗೇ (ಚಾಸಿ) ಕರೆಂಟ್ ಬರಬಹುದು. ಹಿಂದಿನ ಮುಚ್ಚಳ ಅಥವಾ ನಾಬ್ ಇಲ್ಲದಿದ್ದರೆ ಪ್ಲಗ್ ಹಾಕಿ ಮುಟ್ಟಲೇಬೇಡಿ.

ಜೊತೆಗೆ ರೇಡಿಯೋದ ಲೈಸೆನ್ಸ್ ಪುಸ್ತಕ ಇದೆಯಾ ಕೇಳಿ. 1927ರಲ್ಲಿ ಬಾಂಬೆ ಸ್ಟೇಷನ್ ಶುರುವಾದಾಗ ರೇಡಿಯೋ ಇಟ್ಟುಕೊಳ್ಳಲು ವರ್ಷಕ್ಕೆ 10 ರೂಪಾಯಿ ಕಟ್ಟಬೇಕಿತ್ತು. ಮುಂದೆ ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ಹಣ ಕಟ್ಟಿ ನವೀಕರಿಸುವುದು ಮನೆಮನೆಯ ಕೆಲಸ. 1980ರ ದಶಕದಲ್ಲಿ ಅದು ರದ್ದಾಯಿತು. ಪುಸ್ತಕದಲ್ಲಿನ ಮುದ್ರೆಗಳ ವರ್ಷ ನೋಡಿದರೆ ಸೆಟ್ಟು ಎಷ್ಟು ಹಳೆಯದೆಂಬ ಅಂದಾಜು ಸಿಗುತ್ತದೆ. ಅಂಗಡಿಯವರು ಇದನ್ನು ರದ್ದಿಯಂತೆ ಕೊಟ್ಟುಬಿಡುವುದೂ ಉಂಟು. ಬಿಡಬೇಡಿ.