ಟ್ರಯಲ್ಸ್ ಸೈಕಲ್: ಬ್ರೇಕ್ ಹಿಡಿದು ನಿಲ್ಲುವುದರಿಂದ ಹಿಂದಿನ ಚಕ್ರದವರೆಗೆ

ಟ್ರಯಲ್ಸ್ ಎಂದರೆ ಕಾಲು ಊರದೆ ಕಲ್ಲು, ತೊಲೆಯಂಥ ಅಡೆತಡೆಗಳನ್ನು ಸೈಕಲ್ ಮೇಲೆಯೇ ದಾಟುವ ಆಟ. ಇದರಲ್ಲಿ ಟ್ರ್ಯಾಕ್‌ಸ್ಟ್ಯಾಂಡ್ (ಪೆಡಲ್ ಮೇಲೆ ನಿಂತು, ತುಸು ಹಿಂದೆ ಮುಂದೆ ಉರುಳುತ್ತ ಇದ್ದಲ್ಲೇ ನಿಲ್ಲುವುದು) ಕೈಗೆ ಬಂತೆಂದರೆ ಸಾಕು, ಬಹಳ ಜನ ನೇರವಾಗಿ ಹಿಂದಿನ ಚಕ್ರದ ಮೇಲೆ ಹಾರುವುದಕ್ಕೆ ಹೋಗುತ್ತಾರೆ. ನಡುವೆ ಒಂದು ಹಂತವಿದೆ: ಎರಡೂ ಬ್ರೇಕ್ ಬಿಗಿಯಾಗಿ ಹಿಡಿದು, ಹಾರದೆ, ಉರುಳದೆ ನಿಂತಲ್ಲೇ ನಿಲ್ಲುವುದು. ನೋಡುವವರಿಗೆ ಇದರಲ್ಲಿ ಏನೂ ಕಾಣುವುದಿಲ್ಲ, ಅದಕ್ಕೇ ಬಿಟ್ಟುಬಿಡುತ್ತಾರೆ. ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದು ಇದಕ್ಕೇ. ಆಮೇಲಿನ ಹಾಪ್ (ಸೈಕಲ್ ಸಮೇತ ಪುಟ್ಟ ಜಿಗಿತ), ಪಿವಟ್ (ಒಂದು ಚಕ್ರ ನೆಲದಲ್ಲಿಟ್ಟು ಇನ್ನೊಂದನ್ನು ತಿರುಗಿಸುವುದು), ಪೆಡಲ್ ಕಿಕ್ (ಹಿಂದಿನ ಚಕ್ರದ ಮೇಲೆ ನಿಂತು ಪೆಡಲ್ ಒತ್ತಿ ಮುಂದೆ ಸಾಗುವುದು) ಎಲ್ಲವೂ ಇದರ ಮೇಲೆಯೇ ನಿಂತಿವೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ಪರ್ಧೆಯ ನಿಯಮ ನೋಡಿದರೆ ಕಾರಣ ಗೊತ್ತಾಗುತ್ತದೆ. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಟ್ರಯಲ್ಸ್‌ನಲ್ಲಿ ಒಂದು ಸೆಕ್ಷನ್‌ಗೆ, ಅಂದರೆ ಅಡೆತಡೆಗಳಿರುವ ಒಂದು ತುಂಡು ದಾರಿಗೆ, 2 ನಿಮಿಷ. ಕಾಲು ಊರಿದರೆ ಒಂದು ದಂಡ, ಐದಾದರೆ ಆ ಸೆಕ್ಷನ್ ಅಲ್ಲಿಗೇ ಮುಗಿಯಿತು. ಮುಂದಿನ ಕಲ್ಲು ಎಷ್ಟು ದೂರ, ಎಲ್ಲಿ ಹಿಡಿತ ಸಿಗುತ್ತದೆ ಎಂದು ನೋಡುವುದು, ಉಸಿರು ತೆಗೆದುಕೊಳ್ಳುವುದು ಎಲ್ಲವೂ ಸೈಕಲ್ ಮೇಲೆಯೇ ಆಗಬೇಕು. ನಿಂತಾಗಲೆಲ್ಲ ಹಾರುತ್ತಲೇ ಇರುವವನ ಮುಂದೋಳು ಒಂದೇ ನಿಮಿಷಕ್ಕೆ ಗಟ್ಟಿಯಾಗುತ್ತದೆ, ಬೆರಳಲ್ಲಿ ಬ್ರೇಕ್ ಹಿಡಿಯುವ ಶಕ್ತಿ ಉಳಿಯುವುದಿಲ್ಲ.

ಈ ಆಟ ಹುಟ್ಟಿದ್ದು ಸ್ಪೇನ್‌ನ ಕೆಟಲೋನಿಯಾದಲ್ಲಿ, 1970ರ ದಶಕದಲ್ಲಿ, ಮೋಟಾರ್‌ಸೈಕಲ್ ಟ್ರಯಲ್ಸ್‌ನ ನೆರಳಿನಲ್ಲಿ. ಮೊಂಟೆಸಾ ಮೋಟಾರ್‌ಸೈಕಲ್ ಕಂಪನಿಯ ಸವಾರ ಪೆರೆ ಪಿ ಮತ್ತು ಅವರ ಮಗ ಓಟ್ ಪಿ ಅದರ ಆರಂಭದ ಹೆಸರುಗಳು. ಹಾಗಾಗಿ ಮೋಟಾರ್ ಟ್ರಯಲ್ಸ್‌ನವರ ಸಲಹೆಗಳೂ ನಮ್ಮವರೆಗೆ ಬರುತ್ತವೆ. ಆದರೆ ಆ ಗಾಡಿಯ ತೂಕ 65–70 ಕಿಲೋ, ಹೆಚ್ಚುಕಡಿಮೆ ಸವಾರನಷ್ಟೇ. ಟ್ರಯಲ್ಸ್ ಸೈಕಲ್ 8ರಿಂದ 10 ಕಿಲೋ ಅಷ್ಟೇ. ಇಲ್ಲಿ ತೂಕವೆಲ್ಲ ನಮ್ಮ ಮೈಯದ್ದು, ಸರಿಸಬೇಕಾದದ್ದು ನಮ್ಮ ಕೆಳಗಿರುವ ಸೈಕಲ್ಲನ್ನು. ಮುಂದೆ ಹೇಳುವ ಪ್ರತಿಯೊಂದು ತಿದ್ದುಪಡಿಗೂ ಇದೇ ಆಧಾರ.

ಮೊದಲು ಸೈಕಲ್ ವಿಷಯ ಮುಗಿಸುತ್ತೇನೆ. ನನ್ನದು 26 ಇಂಚಿನದು. ಸೀಟಿಲ್ಲ, ಚೈನಿನ ಹಲ್ಲುಚಕ್ರದಲ್ಲಿ ಮುಂದೆ 18 ಹಲ್ಲು, ಹಿಂದೆ 15, ಫ್ರೀವೀಲ್ (ಪೆಡಲ್ ನಿಂತರೂ ಚಕ್ರ ತಿರುಗಲು ಬಿಡುವ ಭಾಗ) ಇರುವುದು ಕ್ರ್ಯಾಂಕ್‌ನಲ್ಲಿ, ಅಂದರೆ ಪೆಡಲ್ ತೋಳಿನ ಬಳಿ. ಗಟ್ಟಿಮುಟ್ಟಾದ ಹಾರ್ಡ್‌ಟೇಲ್ ಎಂಟಿಬಿಯಲ್ಲೂ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕ್) ಇಲ್ಲಿರುವ ಬಹುಪಾಲು ಕಲಿಯಬಹುದು. ಸೀಟು ಪೂರ್ತಿ ಇಳಿಸಿ, ಮುಂದಿನ ಸಸ್ಪೆನ್ಷನ್ ಲಾಕ್ ಮಾಡಿ, ಗೇರನ್ನು ಮುಂದೆ 22, ಹಿಂದೆ 18ರ ಆಸುಪಾಸಿನಲ್ಲಿಡಿ. ಅಲ್ಲಿ ಕೈಕೊಡುವುದು ಹಬ್, ಅಂದರೆ ಹಿಂದಿನ ಚಕ್ರದ ನಡುಭಾಗ. ಅಗ್ಗದ ಹಬ್‌ನಲ್ಲಿ ಪೆಡಲ್ ಒತ್ತಿದಾಗ ಚಕ್ರವನ್ನು ಹಿಡಿಯುವ ಕಚ್ಚುಗಳು ಒಂದು ಸುತ್ತಿಗೆ 16ರಿಂದ 24 ಮಾತ್ರ ಇರುತ್ತವೆ. ಅಂದರೆ ಹಬ್ 15ರಿಂದ 22 ಡಿಗ್ರಿ ಖಾಲಿ ತಿರುಗಿದ ಮೇಲಷ್ಟೇ ಚಕ್ರ ಹಿಡಿಯುತ್ತದೆ. 72 ಕಚ್ಚಿನ ಟ್ರಯಲ್ಸ್ ಫ್ರೀವೀಲ್‌ನಲ್ಲಿ ಇದು 5 ಡಿಗ್ರಿ, 108ರದ್ದರಲ್ಲಿ ಮೂರು ಚಿಲ್ಲರೆ. ನಿಂತು ಕಲಿಯುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ, ಪೆಡಲ್ ಕಿಕ್‌ಗೆ ಬಂದಾಗ ಚೆನ್ನಾಗಿ ಕಾಡುತ್ತದೆ.

ಗಾಳಿಯ ಬಗ್ಗೆ ಅಸಡ್ಡೆ ಬೇಡ. 65–70 ಕಿಲೋ ತೂಕದವರಿಗೆ, 2.5 ಇಂಚಿನ ಹಿಂದಿನ ಟೈರಿಗೆ 18ರಿಂದ 22 ಪಿಎಸ್‌ಐ, ಮುಂದಿನದಕ್ಕೆ ಎರಡು ಮೂರು ಹೆಚ್ಚು. ಇದಕ್ಕಿಂತ ಇಳಿದರೆ ಪಕ್ಕಕ್ಕೆ ಹಾರಿ ಇಳಿದಾಗ ಟೈರು ರಿಮ್ ಕೆಳಗೆ ಮಡಚಿಕೊಳ್ಳುತ್ತದೆ, ಕಲ್ಲಿನ ಅಂಚಿಗೆ ಬಡಿದರೆ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು. ಏರಿದರೆ ಟೈರು ಚೆಂಡಿನ ಹಾಗೆ ಪುಟಿದು, ಇಳಿದ ಜಾಗದಲ್ಲಿ ನಿಲ್ಲುವುದೇ ಇಲ್ಲ. ಬ್ರೇಕ್ ಲಿವರ್ ಒಂದೇ ಬೆರಳಿಗೆ, ತೋರುಬೆರಳಿನ ಮೊದಲ ಗೆಣ್ಣಿಗೆ ಸಿಗುವಂತಿರಲಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹೆಡ್‌ಸೆಟ್‌ನಲ್ಲಿ (ಹ್ಯಾಂಡಲ್ ತಿರುಗುವ ಬೇರಿಂಗ್) ‘ಟಕ್’ ಎಂದರೆ ಮೊದಲು ಅದನ್ನು ಬಿಗಿ ಮಾಡಿ. ಅಷ್ಟು ಸಣ್ಣ ಸಡಿಲವೂ ನಿಲ್ಲುವಾಗ ಕೈಗೆ ಸುಳ್ಳು ಸುದ್ದಿ ಕೊಡುತ್ತದೆ. ಹೆಲ್ಮೆಟ್, ಕೈಗವಸು, ಮೊಣಕಾಲಿನ ಕೆಳಗೆ ಶಿನ್ ಗಾರ್ಡ್, ಇಷ್ಟಿಲ್ಲದೆ ಶುರುಮಾಡಬೇಡಿ. ಪೆಡಲ್ ಪಿನ್ನು ಒಮ್ಮೆ ಮುಂಗಾಲಿನ ಮೂಳೆ ಸವರಿದರೆ ವಾರಗಟ್ಟಲೆ ಅಭ್ಯಾಸ ನಿಲ್ಲುತ್ತದೆ.

ಇನ್ನು ನಿಲ್ಲುವುದು. ಟ್ರ್ಯಾಕ್‌ಸ್ಟ್ಯಾಂಡ್‌ನಲ್ಲಿ ಎಡಗಾಲು ಮುಂದಿದ್ದರೆ ಮುಂದಿನ ಚಕ್ರವನ್ನೂ ಎಡಕ್ಕೆ ಸುಮಾರು 45 ಡಿಗ್ರಿ ತಿರುಗಿಸುತ್ತೇವೆ, ಚಕ್ರದ ಹಿಂಭಾಗ ಬಲಕ್ಕೆ ಹೋಗುವುದರಿಂದ ಎಡಗಾಲಿನ ಬೆರಳಿಗೆ ತಗಲುವುದಿಲ್ಲ. ಎಡಕ್ಕೆ ವಾಲಿದರೆ ಪೆಡಲ್ ಒತ್ತಿ ಮುಂದಕ್ಕೆ ಉರುಳುತ್ತೇವೆ, ಚಕ್ರ ಎಡಕ್ಕೆ ಹೋಗಿ ನಮ್ಮ ಕೆಳಗೆ ಬರುತ್ತದೆ. ಬಲಕ್ಕೆ ವಾಲಿದರೆ ಹಿಂದಕ್ಕೆ ಉರುಳಲು ಬಿಡುತ್ತೇವೆ. ಇದಿಷ್ಟು ಆಗಲೇ ಬಂದಿರುತ್ತದೆ. ಸಮತಟ್ಟು ನೆಲದಲ್ಲಿ, ಒಂದು ಅಂಗೈ ಅಗಲದೊಳಗೆ ಹಿಂದೆ ಮುಂದೆ ಆಡುತ್ತ ಒಂದು ನಿಮಿಷ ನಿಲ್ಲುವುದಾದರೆ ಮುಂದಿನದಕ್ಕೆ ಹೋಗಬಹುದು.

ಎರಡೂ ಬ್ರೇಕ್ ಹಿಡಿದ ಕ್ಷಣ ಆ ಉರುಳಾಟ ಇಲ್ಲವಾಗುತ್ತದೆ. ಈಗ ಉಳಿದಿರುವುದು ಮಂಡಿ, ಸೊಂಟ ಮತ್ತು ಹ್ಯಾಂಡಲ್. ಹ್ಯಾಂಡಲ್ ಇಲ್ಲಿ ಕೆಲಸ ಮಾಡುವ ರೀತಿಯೇ ಬೇರೆ. ಸೈಕಲ್ ಪಕ್ಕದಲ್ಲಿ ನಿಂತು, ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು, ಹ್ಯಾಂಡಲ್ಲನ್ನು ನಿಧಾನವಾಗಿ ಎಡಕ್ಕೆ ತಿರುಗಿಸುತ್ತ ಹೆಡ್ ಟ್ಯೂಬನ್ನು (ಹ್ಯಾಂಡಲ್ ಕೆಳಗಿನ, ಫ್ರೇಮಿನ ಮುಂದಿನ ಕೊಳವೆ) ನೋಡಿ. ಅದು ಒಂದೆರಡು ಬೆರಳಿನಷ್ಟು ಎಡಕ್ಕೆ ಜರುಗುತ್ತದೆ, ಟೈರು ನೆಲ ಮುಟ್ಟಿದ ಜಾಗ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಫೋರ್ಕು ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ, ಟೈರಿನ ಆ ಜಾಗ ಅದಕ್ಕಿಂತ ಸ್ವಲ್ಪ ಹಿಂದಿರುವುದೇ ಇದಕ್ಕೆ ಕಾರಣ. ಅಂದರೆ ಬ್ರೇಕ್ ಹಿಡಿದು ನಿಂತಾಗ ಬಲಕ್ಕೆ ವಾಲುತ್ತಿದ್ದರೆ ಹ್ಯಾಂಡಲ್ ಇನ್ನಷ್ಟು ಎಡಕ್ಕೆ, ಎಡಕ್ಕೆ ವಾಲುತ್ತಿದ್ದರೆ ಸ್ವಲ್ಪ ಬಲಕ್ಕೆ ಬಿಚ್ಚಬೇಕು. ಓಡುವ ಸೈಕಲ್‌ನಲ್ಲಿ ವಾಲಿದ ಕಡೆಗೇ ತಿರುಗಿಸುವ ಅಭ್ಯಾಸ ನಮ್ಮ ಕೈಯಲ್ಲಿ ಬೇರೂರಿರುತ್ತದೆ. ಟ್ರ್ಯಾಕ್‌ಸ್ಟ್ಯಾಂಡ್ ಚೆನ್ನಾಗಿ ಬರುವವರೂ ಇಲ್ಲಿ ಎರಡೇ ಸೆಕೆಂಡಿಗೆ ಕಾಲು ಊರುವುದು ಇದರಿಂದಲೇ. ನಾನು ಇದನ್ನು ಪಕ್ಕದಲ್ಲಿ ನಿಂತು ಕೈಯಿಂದ ಹಲವು ಬಾರಿ ಮಾಡಿ, ಆಮೇಲೆ ಮೇಲೆ ಹತ್ತಿ ಮಾಡಿದೆ. ಕಣ್ಣು ಒಮ್ಮೆ ನೋಡಿದ್ದನ್ನು ಕೈ ಬೇಗ ಒಪ್ಪುತ್ತದೆ.

ಹ್ಯಾಂಡಲ್‌ನಿಂದ ಸಿಗುವ ತಿದ್ದುಪಡಿ ಸಣ್ಣದು. ಅದಕ್ಕಿಂತ ದೊಡ್ಡದು ಮಂಡಿಯದು. ಎಡಕ್ಕೆ ವಾಲಿದರೆ ಬಲ ಮಂಡಿಯನ್ನು ಹೊರಕ್ಕೆ ತೆರೆಯಿರಿ, ಬಲಕ್ಕೆ ವಾಲಿದರೆ ಎಡದ್ದು. ಮಂಡಿ ಮೊದಲೇ ನೆಟ್ಟಗಿದ್ದರೆ ತೆರೆಯಲು ಜಾಗವಿರುವುದಿಲ್ಲ, ಆದ್ದರಿಂದ ಎರಡೂ ತುಸು ಬಾಗಿರಲಿ. ಕ್ರ್ಯಾಂಕ್ ನೆಲಕ್ಕೆ ಸಮನಾಗಿ, ತೂಕ ಎರಡೂ ಪಾದದಲ್ಲಿ, ಮೊಣಕೈ ಸಡಿಲ, ಎದೆ ಸ್ಟೆಮ್‌ನ (ಹ್ಯಾಂಡಲ್ಲನ್ನು ಹಿಡಿದಿಡುವ ತುಂಡು) ಹಿಂದೆ. ಹೆಗಲು ಕಿವಿಯತ್ತ ಏರಿದ್ದರೆ ಇಳಿಸಿ. ನೋಟ ಎರಡು ಮೂರು ಮೀಟರ್ ಮುಂದೆ ನೆಲದ ಒಂದೇ ಗುರುತಿನ ಮೇಲೆ. ಮುಂದಿನ ಚಕ್ರವನ್ನು ನೋಡಿದರೆ ತಲೆ ಬಗ್ಗುತ್ತದೆ, ತಲೆಯ ಹಿಂದೆ ಭುಜವೂ ಹೋಗುತ್ತದೆ.

ಗುರಿ ಹೀಗೆ ಇಟ್ಟುಕೊಳ್ಳಿ: ಚಕ್ರ ಎಡಕ್ಕೆ ತಿರುಗಿಸಿ 30 ಸೆಕೆಂಡ್, ಬಲಕ್ಕೆ ತಿರುಗಿಸಿ 30, ನೇರವಾಗಿಟ್ಟು 10. ನೇರ ಚಕ್ರದ್ದು ತೀರ ಕಷ್ಟ, ಹ್ಯಾಂಡಲ್‌ನ ಸಹಾಯ ಅಲ್ಲಿ ಎರಡೂ ಕಡೆಗೆ ಚೂರೇ ಚೂರು. ಹಾಗಿದ್ದರೂ ಬಿಡಬೇಡಿ. ಕಲ್ಲಿನ ಮೇಲೆ, ಹಲಗೆಯ ಮೇಲೆ ಚಕ್ರ ತಿರುಗಿಸಲು ಜಾಗ ಇರುವುದಿಲ್ಲ. ಒಂದು ಸಲಕ್ಕೆ 15–20 ನಿಮಿಷ ಸಾಕು. ಕಾಲು ದಣಿದ ಮೇಲೆ ಮಾಡುವ ಅಭ್ಯಾಸ ತಪ್ಪು ಚಲನೆಗಳನ್ನೇ ಗಟ್ಟಿ ಮಾಡುತ್ತದೆ.

ಹಾಪ್ ಬರುವುದು ಇದಾದ ಮೇಲೆ, ಮಂಡಿ ಮತ್ತು ಹ್ಯಾಂಡಲ್ ಸಾಲದಾದಾಗ ಬಳಸುವ ಕೊನೆಯ ಉಪಾಯವಾಗಿ. ಎರಡೂ ಬ್ರೇಕ್ ಹಿಡಿದು, ಮೈಯನ್ನು ಒಮ್ಮೆ ಕೆಳಕ್ಕೆ ಒತ್ತಿ ಟೈರನ್ನು ಅಮುಕಿ, ಅದು ಮರಳುವ ಹೊತ್ತಿಗೆ ಮಂಡಿ ಮಡಚಿ ಸೈಕಲ್ಲಿಗೆ ಮೇಲೆ ಬರಲು ಬಿಡಿ. ಮೂರು ನಾಲ್ಕು ಸೆಂಟಿಮೀಟರ್ ಎತ್ತರ ಸಾಕು. ಪಾದದ ತುದಿ ತುಸು ಕೆಳಗೆ ಬಾಗಿಸಿ ಪೆಡಲ್ಲನ್ನು ಹಿಂದಕ್ಕೆ ಒತ್ತಿದರೆ ಹಿಂಭಾಗ ಜೊತೆಗೇ ಏಳುತ್ತದೆ, ಕೈಯಿಂದ ಎಳೆದರೆ ಮುಂಭಾಗ ಮಾತ್ರ ಏಳುತ್ತದೆ. ಹಾರಬೇಕಾದದ್ದು ಬೀಳುತ್ತಿರುವ ಕಡೆಗೆ. ಎಡಕ್ಕೆ ವಾಲುತ್ತಿದ್ದರೆ ಚಕ್ರಗಳು ಎಡಕ್ಕೆ ಹೋಗಿ ಮೈಯ ಕೆಳಗೆ ಇಳಿಯಬೇಕು. ಭಯಕ್ಕೆ ಬಲಕ್ಕೆ ಹಾರಿದರೆ ವಾಲಿದ್ದು ಇಮ್ಮಡಿಯಾಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರ ಎಡಕ್ಕೆ ಬಲಕ್ಕೆ ಒಂದೊಂದು ಹಾಪ್, ಪ್ರತಿ ಹಾಪ್ ನಡುವೆ ಮೂರು ಸೆಕೆಂಡ್ ಸುಮ್ಮನೆ ನಿಲ್ಲುವುದು. ಆ ಮೂರು ಸೆಕೆಂಡನ್ನು ಕಡ್ಡಾಯ ಮಾಡಿಕೊಂಡಿದ್ದರಿಂದ ನನಗೆ ಸುಮ್ಮಸುಮ್ಮನೆ ಪುಟಿಯುವ ಚಟ ಅಂಟಲಿಲ್ಲ.

ಪಿವಟ್‌ಗಳಲ್ಲಿ ಹೆಚ್ಚು ಹೇಳುವುದಿಲ್ಲ. ಹಿಂದಿನ ಬ್ರೇಕ್ ಹಿಡಿದು, ಸೊಂಟ ಹಿಂದಕ್ಕೆ ಒಯ್ದು ಮುಂದಿನ ಚಕ್ರ ಎತ್ತಿ ಪಕ್ಕಕ್ಕೆ ಇಡುವುದು ಒಂದು. ಮುಂದಿನ ಬ್ರೇಕ್ ಹಿಡಿದು, ಎದೆ ಹ್ಯಾಂಡಲ್ ಮೇಲೆ ತಂದು ಹಿಂಭಾಗ ಬೀಸುವುದು ಇನ್ನೊಂದು. ತಿರುಗುವ ಕಡೆಗೆ ಮೊದಲು ತಲೆ, ಆಮೇಲೆ ಭುಜ, ಕೊನೆಗೆ ಸೈಕಲ್. ಮೊದಲು 30 ಡಿಗ್ರಿಯ ಮೂರು ತುಂಡು ಮಾಡಿ, ನಂತರ ಒಂದೇ ಸಲಕ್ಕೆ 90. ಹಿಂಭಾಗ ಬೀಸುವ ಪಿವಟ್‌ನಲ್ಲಿ ಮುಂದಿನ ಬ್ರೇಕ್ ಒಂದಿಷ್ಟು ಜಾರಿದರೂ ಮುಖ ನೆಲ ಕಾಣುತ್ತದೆ. ಒದ್ದೆ ರಿಮ್ ಇದ್ದ ದಿನ ಅದನ್ನು ಮಾಡಬೇಡಿ.

ಎತ್ತರಕ್ಕೆ ಹೋಗುವ ಮುನ್ನ ಅಗಲ ಕಡಿಮೆ ಮಾಡಿದೆ. ನೆಲದ ಮೇಲೆ ನಾಲ್ಕು ಇಂಚು ಅಗಲದ ಮರದ ತೊಲೆ, ಕೆಳಗೆ ಎರಡೂ ತುದಿಗೆ ಆಪು ಕೊಟ್ಟು ಉರುಳದಂತೆ ಮಾಡಿ. ಅದರ ಮೇಲೆ ಹೋಗಿ ಮಧ್ಯದಲ್ಲಿ ನಿಂತು, ಬ್ರೇಕ್ ಹಿಡಿದು ಐದು ಸೆಕೆಂಡ್, ಮತ್ತೆ ಮುಂದೆ. ಆಮೇಲೆ ಕಟ್ಟಡಕ್ಕೆ ಬಳಸುವ ಸೈಜುಕಲ್ಲು: ಮುಂದಿನ ಚಕ್ರ ಕಲ್ಲಿನ ಮೇಲೆ, ಹಿಂದಿನದು ನೆಲದಲ್ಲಿ, ನಂತರ ಅದಲು ಬದಲು. ನಮ್ಮ ಕಡೆಯ ಒಣ ಗ್ರಾನೈಟ್ ಮೇಲ್ಮೈಗೆ ಟೈರು ಅಂಟಿಕೊಂಡಂತೆ ನಿಲ್ಲುತ್ತದೆ, ಕಲಿಯಲು ಇದಕ್ಕಿಂತ ಒಳ್ಳೆಯ ನೆಲ ಕಡಿಮೆ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಹಸಿರು ಬಣ್ಣ ಕಾಣದಿದ್ದರೂ ಬೆರಳಿಂದ ಉಜ್ಜಿ ನೋಡಿ, ಲೋಳೆ ಎನಿಸಿದರೆ ಬಿಟ್ಟುಬಿಡಿ.

ಈಗ ಹಿಂದಿನ ಚಕ್ರ. ಹ್ಯಾಂಡಲ್ ನೇರ, ಮುಂದಿರುವ ಕಾಲಿನ ಪೆಡಲ್ ಸಮಕ್ಕಿಂತ ಸ್ವಲ್ಪ ಮೇಲೆ. ಮೈ ಮುಂದಕ್ಕೆ ಬಾಗಿಸಿ, ಹಿಂದಿನ ಬ್ರೇಕ್ ಬಿಡುತ್ತ ಪೆಡಲ್ಲನ್ನು ಕಾಲು ಸುತ್ತು ಒತ್ತಿ, ಅದೇ ಹೊತ್ತಿಗೆ ಸೊಂಟವನ್ನು ಹಿಂದಕ್ಕೂ ಮೇಲಕ್ಕೂ ಒಯ್ಯಿರಿ. ಕೈ ನೆಟ್ಟಗೆ ಚಾಚಿರಲಿ. ಮುಂಭಾಗ ಎದ್ದು ಹ್ಯಾಂಡಲ್ ಸೊಂಟದ ಮಟ್ಟಕ್ಕೆ ಬಂದಾಗ ಹಿಂದಿನ ಬ್ರೇಕ್ ಕಚ್ಚಿ ಹಿಡಿಯಿರಿ. ಮೊಣಕೈ ಮಡಚಿ ಹ್ಯಾಂಡಲ್ಲನ್ನು ಎದೆಗೆ ಎಳೆದುಕೊಂಡರೆ ತೂಕ ಚಕ್ರದ ಮುಂದೆಯೇ ಉಳಿದು ಮುಂಭಾಗ ಕೂಡಲೇ ಕುಸಿಯುತ್ತದೆ. ಬಹುತೇಕ ಎಲ್ಲರಲ್ಲೂ ನಾನು ನೋಡಿರುವ ದೋಷ ಇದು.

ಮೇಲೆ ನಿಂತಾಗ ಮುಂದಕ್ಕೆ ಬೀಳುತ್ತಿದ್ದರೆ ಪೆಡಲ್ ಕಿಕ್: ಬ್ರೇಕನ್ನು ಕ್ಷಣ ಬಿಟ್ಟು ಪೆಡಲ್ ಒತ್ತಿ, ಚಕ್ರ ಮೈಯ ಕೆಳಗೆ ಬಂದೊಡನೆ ಮತ್ತೆ ಹಿಡಿಯುವುದು. ಹಿಂದಕ್ಕೆ ಬೀಳುತ್ತಿದ್ದರೆ ಬ್ರೇಕ್ ಹಿಡಿದೇ ಹಿಂದಕ್ಕೊಂದು ಹಾಪ್. ಓಡುವ ವೀಲಿಯಲ್ಲಿ (ಮುಂದಿನ ಚಕ್ರ ಎತ್ತಿ ಓಡಿಸುವುದು) ಹಿಂದಿನ ಬ್ರೇಕ್ ಹಿಡಿದರೆ ಮುಂಭಾಗ ಇಳಿಯುತ್ತದೆ, ಇಲ್ಲಿ ಚಕ್ರ ಆಗಲೇ ನಿಂತಿರುವುದರಿಂದ ಆ ಉಪಾಯ ನಡೆಯುವುದಿಲ್ಲ. ಪಕ್ಕಕ್ಕೆ ವಾಲಿದರೆ ಮೊದಲಿನಂತೆಯೇ ಎದುರು ಮಂಡಿ ಹೊರಕ್ಕೆ, ಸಾಲದಿದ್ದರೆ ವಾಲಿದ ಕಡೆಗೆ ಹಾಪ್. ನೆಲದಲ್ಲಿ ಬ್ರೇಕ್ ಹಿಡಿದು ನಿಲ್ಲಲು ಕಲಿತ ಮಂಡಿಯೇ ಇಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ.

ಬೀಳುವುದನ್ನೂ ಬೇರೆಯಾಗಿ ಅಭ್ಯಾಸ ಮಾಡಿ. ಮುಂಭಾಗ ಎತ್ತಿ, ಬೇಕೆಂದೇ ಹಿಂದಕ್ಕೆ ವಾಲಿ, ಎರಡೂ ಪಾದ ಪೆಡಲ್‌ನಿಂದ ತೆಗೆದು ಹಿಂದೆ ನೆಲಕ್ಕಿಳಿದು, ಹ್ಯಾಂಡಲ್ ಹಿಡಿದೇ ಸೈಕಲ್ಲನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ಸೀಟು ಇರುವ ಸೈಕಲ್‌ನಲ್ಲಿ ಅದು ತೊಡೆಗೆ ತಡೆಯುತ್ತದೆ, ಆದ್ದರಿಂದ ಸೀಟನ್ನು ಪೋಸ್ಟ್ ಸಮೇತ ತೆಗೆದು, ಟ್ಯೂಬಿನ ಬಾಯಿಗೆ ಬಟ್ಟೆ ತುರುಕಿ ಟೇಪ್ ಸುತ್ತಿ. ಇದು ಹೆದರಿಕೆಯಿಲ್ಲದೆ ಬರುವವರೆಗೆ ಕಲ್ಲಿನ ಮೇಲೆ ಹಿಂದಿನ ಚಕ್ರದ ಕೆಲಸ ಶುರುಮಾಡಬೇಡಿ.