ಸಣ್ಣ ಹಳೇ ದೀಪ ಕೂಡಿಸೋರಿಗೆ ಒಂದ್ ಸಲಹೆ
ಹುಬ್ಬಳ್ಳಿ ಗುಜರಿ ಅಂಗಡ್ಯಾಗ ಗೇಣುದ್ದದ ಹಳೇ ಚಿಮಣಿ ದೀಪ ಕಂಡ್ರ ತಗೊಳ್ಳೂಕಿಂತ ಮೊದ್ಲ ಅಯಸ್ಕಾಂತ ಹಚ್ಚಿ ನೋಡ್ರಿ, ಅಂಟ್ತು ಅಂದ್ರ ಒಳಗ ಕಬ್ಬಿಣ ಐತಿ, ಮ್ಯಾಲೆ ಅಷ್ಟ ಹಿತ್ತಾಳಿ ಲೇಪ. ಬತ್ತಿ ತಿರುವೂ ಗುಂಡಿ ಮ್ಯಾಲೆ ಒಮ್ಮೊಮ್ಮೆ ಹೆಸರು ಕೊರದಿರ್ತಾರ, 1800ರ ಕೊನೀ ಕಾಲದ ಅಮೆರಿಕದ ಸಣ್ಣ ದೀಪಕ್ಕ ಏಕಾರ್ನ್, ನಟ್‌ಮೆಗ್, ಹಾರ್ನೆಟ್ ಅನ್ನೋ ಬರ್ನರ್ (ಬತ್ತಿ ಹಿಡಿಯೋ ಲೋಹದ ಭಾಗ) ಇರ್ತಿದ್ವು, ನನ್ನ ಕೇಳಿದ್ರ ಗಾಜು ಬರ್ನರ್ ಎಲ್ಲಾ ಮೂಲದ್ದ ಇರೋ ಒಂದ ದೀಪ, ಒಂದರ ಭಾಗ ಇನ್ನೊಂದಕ್ಕ ಜೋಡಿಸಿದ ಹತ್ತು ದೀಪಕ್ಕಿಂತ ಛಲೋ!

ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ, ಹಳೇ ಮೈಬಣ್ಣ ಹೋತಂದ್ರ ಮತ್ತ ಬರೂದಿಲ್ಲ. ಗಾಜಿನ ಮ್ಯಾಲಿನ ಬಣ್ಣಾನೂ ಭಾಳ ನಾಜೂಕು, ಉಗುರುಬೆಚ್ಚಗಿನ ನೀರು, ಮೆತ್ತನ್ನ ಅರಿವಿ ಸಾಕು. ಕಪಾಟಿನ್ಯಾಗ ಇಡೂ ಮುಂದ ಒಳಗಿನ ಚಿಮಣಿ ಎಣ್ಣಿ ಪೂರ್ತಿ ಸುರುವ್ರಿ, ಬಿಟ್ರ ಜಿಗಟ ಆಗಿ ಬತ್ತಿ ಅಲ್ಲೇ ಹಿಡಕೊಂತೈತಿ.