ಟ್ಯಾಬ್ ಕಿತ್ತುಹಾಕಿ ಗೆದ್ದದ್ದು: ನನ್ನ ಅನುಭವ

ಮೌಸ್ ಇಲ್ಲದೆ ಕೀಬೋರ್ಡಿನಲ್ಲೇ ಮುಖಪುಟದಿಂದ ಹೊರಟು ಹಣ ಕಟ್ಟುವ ಬಟನ್ ಮುಟ್ಟಲು ಮೊದಲು 140ರ ಸುಮಾರು ಸಲ ಟ್ಯಾಬ್ ಒತ್ತಬೇಕಿತ್ತು. ಈಗ 30ರ ಆಸುಪಾಸಿಗೆ ಇಳಿದಿದೆ. ಟಿಕೆಟ್ ಕಾಯ್ದಿರಿಸುವ ಜಾಲತಾಣ ಅದು. ಅಂಧರೂ ಮಂದದೃಷ್ಟಿಯವರೂ ಬಳಸುವಂತೆ ಅದನ್ನು ತಿದ್ದುವುದು ನನ್ನ ಕೆಲಸ. ಕೆಲಸ ನನ್ನ ಕೈಗೆ ಬಂದಾಗ ಪ್ರತಿ ಪ್ಯಾರಾಕ್ಕೂ, ದರಪಟ್ಟಿಯ ಪ್ರತಿ ಸಾಲಿಗೂ, ಕೊನೆಗೆ ಅಲಂಕಾರದ ಚಿತ್ರಗಳಿಗೂ ಟ್ಯಾಬ್‌ಇಂಡೆಕ್ಸ್ ಸೊನ್ನೆ (ಟ್ಯಾಬ್ ಒತ್ತಿದಾಗ ಇಲ್ಲೂ ನಿಲ್ಲು ಅನ್ನುವ ಸೂಚನೆ) ಅಂಟಿಸಿಟ್ಟಿದ್ದರು. ಅಂಧರಿಗೆ ಎಲ್ಲವೂ ಕೇಳಿಸಲಿ ಅನ್ನುವ ಒಳ್ಳೆಯ ಉದ್ದೇಶವೇ. ಅದನ್ನೆಲ್ಲ ತೆಗೀತೀನಿ ಅಂದಾಗ ತಂಡದವರು ನಕ್ಕರು. "ಇರೋದನ್ನೂ ಕಿತ್ತರೆ ಅವರು ಓದೋದು ಹೇಗೆ ಮಾರಾಯ?"

ಓದಲು ಟ್ಯಾಬ್ ಬೇಕೇ ಇಲ್ಲ ಅಂತ ಬಾಯಲ್ಲಿ ಹೇಳಿ ಪ್ರಯೋಜನವಾಗಲಿಲ್ಲ. ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿ, ಪರದೆ ಆರಿಸಿ, ಬಾಣದ ಕೀಗಳಲ್ಲಿ ಪುಟ ಓದಿ ತೋರಿಸಿದೆ. ಎಚ್ ಒತ್ತಿ ಹೆಡಿಂಗ್‌ನಿಂದ ಹೆಡಿಂಗ್‌ಗೆ ಹೋಗೋಣ ಅಂದರೆ ಪುಟದಲ್ಲಿ ಹೆಡಿಂಗೇ ಇರಲಿಲ್ಲ, ಎಲ್ಲ ದಪ್ಪಕ್ಷರದ ಡಿವ್‌ಗಳು, ಅಂದರೆ ಹೆಡಿಂಗ್ ಅಂತ ಗುರುತಿಲ್ಲದ ಬರೀ ಚೌಕಟ್ಟುಗಳು. ಅಲ್ಲಿಗೆ ನಗು ನಿಂತಿತು. ಟ್ಯಾಬ್ ನಿಲ್ಲಬೇಕಾದ್ದು ಏನಾದರೂ ಮಾಡುವ ಜಾಗದಲ್ಲಿ ಮಾತ್ರ: ಲಿಂಕು, ಬಟನ್ನು, ತುಂಬುವ ಡಬ್ಬ. ಉಳಿದದ್ದಕ್ಕೆ ಸರಿಯಾದ ಹೆಡಿಂಗ್ ಕೊಟ್ಟರೆ ಸಾಕು.

ಇನ್ನು ದುಡ್ಡಿನ ವಿಷಯ. ಪುಟದ ಮೂಲೆಯಲ್ಲಿ ತೇಲುವ, ಅಂಗವಿಕಲರಿಗೆ ಪುಟ ಸುಲಭ ಮಾಡುತ್ತೇನೆ ಅನ್ನುವ ಒಂದು 'ಸುಗಮ್ಯತಾ ವಿಜೆಟ್'ಗೆ ನಮಗೆ ಕೆಲಸ ಕೊಟ್ಟ ಗ್ರಾಹಕರು ವರ್ಷವರ್ಷ ಚಂದಾ ಕಟ್ಟುತ್ತಿದ್ದರು. ನಮಗೆ ಕೊಟ್ಟ ಬಜೆಟ್ಟಿನ ಕಾಲುಭಾಗದಷ್ಟು ಅದಕ್ಕೇ ಹೋಗುತ್ತಿತ್ತು. ಅದು ತನ್ನದೇ ದನಿಯಲ್ಲಿ ಪುಟ ಓದಲು ಶುರುಮಾಡಿದರೆ ಸ್ಕ್ರೀನ್ ರೀಡರೂ ಜೊತೆಗೇ ಓದುತ್ತಿತ್ತು. ಎರಡು ದನಿ ಒಟ್ಟಿಗೆ, ಒಂದೂ ಅರ್ಥವಾಗುವುದಿಲ್ಲ. ಚಂದಾ ನಿಲ್ಲಿಸಿ ಆ ಹಣವನ್ನು ಪರೀಕ್ಷಿಸುವವರಿಗೆ ಕೊಡಿ ಅಂತ ಹಟ ಹಿಡಿದೆ. ಕೊಟ್ಟರು. ಅಂಧ ಬಳಕೆದಾರರನ್ನು ಕರೆದು ಪುಕ್ಕಟೆಯಾಗಿ ಪರೀಕ್ಷೆ ಮಾಡಿಸಿಕೊಳ್ಳುವ ಚಾಳಿ ನಮ್ಮ ಕಸುಬಿನಲ್ಲಿದೆ, ನನಗದು ಸೇರುವುದಿಲ್ಲ.

ಶಾರ್ಟ್‌ಕಟ್‌ಗಳು ಪೂರ್ತಿ ದಂಡ. ಆಲ್ಟ್ ಜೊತೆ ಒಂದು ಅಕ್ಷರ ಒತ್ತಿದರೆ ನೇರ ಒಂದು ಜಾಗಕ್ಕೆ ಹೋಗುವ ಆಕ್ಸೆಸ್‌ಕೀ ಹಾಕಿ ನೋಡಿದೆವು, ಬ್ರೌಸರಿನದೇ ಆಲ್ಟ್ ಕೀಗಳ ಜೊತೆ ಜಗಳ. ಸಹಾಯಕ್ಕೆ ಬರೀ ಎಚ್ ಇಟ್ಟರೆ ಅದನ್ನು ಸ್ಕ್ರೀನ್ ರೀಡರ್ ನುಂಗಿ ಹೆಡಿಂಗ್‌ಗೆ ಹಾರುತ್ತದೆ, ನಮ್ಮ ಪುಟಕ್ಕೆ ಸುದ್ದಿಯೇ ತಲುಪುವುದಿಲ್ಲ. ಮೇಲಿನ ಮೆನುವಿಗೆ ಮೆನು ರೋಲ್ (ಇದು ಮೆನು ಅಂತ ಸ್ಕ್ರೀನ್ ರೀಡರಿಗೆ ಹೇಳುವ ಗುರುತು) ಕೊಟ್ಟದ್ದು ಇನ್ನೊಂದು ತಲೆನೋವು. ಅದರೊಳಗೆ ಕಾಲಿಟ್ಟ ಕೂಡಲೇ ಬಾಣದ ಕೀಗಳು ಓದುವುದನ್ನು ಬಿಟ್ಟು ಬೇರೆ ಕೆಲಸ ಮಾಡುತ್ತವೆ. ತೆಗೆದು, ಮಾಮೂಲಿ ಬಟನ್ ಮತ್ತು ಪಟ್ಟಿ ಇಟ್ಟು, ತೆರೆದಿದೆಯೋ ಮುಚ್ಚಿದೆಯೋ ಹೇಳಲು ಏರಿಯಾ-ಎಕ್ಸ್‌ಪ್ಯಾಂಡೆಡ್ ಅನ್ನುವ ಗುರುತು ಹಾಕಿದೆ. ಅಷ್ಟೇ.

ಅತಿ ಹೆಚ್ಚು ಸತಾಯಿಸಿದ್ದು ಆಸನ ಆರಿಸುವ ಪಾಪ್‌ಅಪ್. ಹಳೆಯದರಲ್ಲಿ ಪಾಪ್‌ಅಪ್ ತೆರೆದರೂ ಫೋಕಸ್, ಅಂದರೆ ಕೀಬೋರ್ಡ್ ಸದ್ಯ ನಿಂತಿರುವ ಜಾಗ, ಹಿಂದಿನ ಪುಟದಲ್ಲೇ ಅಲೆಯುತ್ತಿತ್ತು. ಬ್ರೌಸರಿನಲ್ಲೇ ಇರುವ ಡೈಲಾಗ್ ಎಲಿಮೆಂಟನ್ನು ಶೋಮೋಡಲ್ ಅನ್ನುವ ಆದೇಶದಿಂದ ತೆರೆದರೆ ಹಿಂದಿನದೆಲ್ಲ ತಾನಾಗಿ ಜಡವಾಗುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ, ಫೋಕಸ್ ತೆರೆದ ಬಟನ್‌ಗೇ ಮರಳುತ್ತದೆ. ಮರಳಬೇಕು. ನಮ್ಮಲ್ಲಿ ಮಾತ್ರ ಪುಟದ ತಲೆಗೆ ಹಾರುತ್ತಿತ್ತು. ತುಂಬಾ ದಿನ ತಲೆ ಕೆಡಿಸಿಕೊಂಡ ಮೇಲೆ ಕಂಡದ್ದು: ಆಸನ ಆರಿಸಿದೊಡನೆ 'ಆಸನ ಆರಿಸಿ' ಬಟನ್ ಅಳಿಸಿ 'ಆಸನ ಬದಲಿಸಿ' ಅನ್ನುವ ಹೊಸ ಬಟನ್ ಹಾಕುತ್ತಿದ್ದರು. ಮರಳಲು ಮನೆಯೇ ಇಲ್ಲ! ಬಟನ್ ಅದನ್ನೇ ಉಳಿಸಿ ಮೇಲಿನ ಬರಹ ಮಾತ್ರ ಬದಲಿಸಿದೆ, ಮುಗಿಯಿತು.

ಆಸನಗಳ ನಕ್ಷೆಯಲ್ಲಿ 40ಕ್ಕೂ ಹೆಚ್ಚು ಆಸನ, ಟ್ಯಾಬ್ ನಿಲ್ಲುವುದು ಒಂದೇ ಕಡೆ. ಒಳಗೆ ಬಾಣದ ಕೀಗಳು. ಫೋಕಸ್ ಸರಿಸದೆ ಈಗ ಯಾವ ಆಸನ ಅಂತ ಸೂಚಿಸುವಷ್ಟೇ ಮಾಡುವ ಏರಿಯಾ-ಆಕ್ಟಿವ್‌ಡಿಸೆಂಡೆಂಟ್ ಮೊದಲು ಹಾಕಿ ನೋಡಿದೆ. ಸ್ಕ್ರೀನ್ ರೀಡರ್ ಸರಿಯಾಗಿ ಹೇಳಿತು, ಆದರೆ ಪರದೆ ಹಿಗ್ಗಿಸಿಕೊಂಡು ನೋಡುವವರ ಮ್ಯಾಗ್ನಿಫೈಯರ್ ಆಸನದ ಹಿಂದೆ ಹೋಗಲಿಲ್ಲ. ಹಾಗಾಗಿ ನಿಜವಾದ ಫೋಕಸನ್ನೇ ಸರಿಸುವ ರೋವಿಂಗ್ ಟ್ಯಾಬ್‌ಇಂಡೆಕ್ಸ್‌ಗೆ ಬಂದೆ. ಸಾಲು ಬದಲಾದಾಗ ಏನು ಹೇಳಿಸುತ್ತೇನೆ, ಯಾವ ಕ್ರಮದಲ್ಲಿ ಹೇಳಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ ಇದೆ. ನಡುವೆ ಫೋಕಸ್ ಸರಿದಾಗಲೆಲ್ಲ 'ಟಿಕ್' ಅನ್ನುವ ಸದ್ದು ಹಾಕಿ ನೋಡಿದ್ದೂ ಉಂಟು. ಪರೀಕ್ಷೆಗೆ ಕೂತ ಒಬ್ಬರು ಹೆಡ್‌ಫೋನ್ ಕಳಚಿಟ್ಟು "ಇದನ್ನ ನಿಲ್ಲಿಸ್ತೀರೋ, ನಾನು ಎದ್ದು ಹೋಗಲೋ" ಅಂದರು.

ಮಂದದೃಷ್ಟಿಯವರಿಗೆ ಬೇಕಾದ್ದು ಬೇರೆ, ಫೋಕಸ್ ಎಲ್ಲಿದೆ ಅಂತ ಕಾಣಬೇಕು. ಡಿಸೈನರ್ ಫೋಕಸ್ ಸುತ್ತಲಿನ ಗೆರೆ (ಔಟ್‌ಲೈನ್) ತೆಗೆದು ಚೆಂದದ ನೆರಳು (ಬಾಕ್ಸ್-ಶ್ಯಾಡೋ) ಹಾಕಿದ್ದರು. ಅಕ್ಷರ ಎದ್ದು ಕಾಣಲೆಂದು ಬಣ್ಣ ಬದಲಿಸುವ ವಿಂಡೋಸ್‌ನ ಕಾಂಟ್ರಾಸ್ಟ್ ಥೀಮ್‌ನಲ್ಲಿ ಆ ನೆರಳು ಮಾಯ. 3 ಪಿಕ್ಸೆಲ್ ಔಟ್‌ಲೈನ್, 2 ಪಿಕ್ಸೆಲ್ ಅಂತರ (ಆಫ್‌ಸೆಟ್) ಇಟ್ಟೆ. ಮೇಲೆ ಅಂಟಿಕೊಂಡ ಹೆಡರ್ ಫೋಕಸನ್ನೇ ಮುಚ್ಚುತ್ತಿತ್ತು, ಅದಕ್ಕೆ ಮೇಲೆ ಅಷ್ಟು ಜಾಗ ಬಿಡಿಸುವ ಸ್ಕ್ರಾಲ್-ಪ್ಯಾಡಿಂಗ್-ಟಾಪ್. 2023ರಲ್ಲಿ ಬಂದ, ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2ರಲ್ಲಿ ಇದಕ್ಕೇ 2.4.11 ಅಂತ ಪ್ರತ್ಯೇಕ ನಿಯಮವಿದೆ. 400% ಝೂಮ್ ಮಾಡಿದರೆ ಹೆಡರೇ ಅರ್ಧ ಪರದೆ ತಿನ್ನುತ್ತದೆ. ಎತ್ತರ ಕಡಿಮೆಯಾದಾಗ ಅಂಟು ಬಿಡಿಸುವ ಒಂದು ಮೀಡಿಯಾ ಕ್ವೆರಿ ಬರೆದೆ, ನಾಲ್ಕು ಸಾಲು.

ಉಳಿದದ್ದು ಒಟಿಪಿ. ಅಂಕಿಗೊಂದು ಡಬ್ಬದಂತೆ ಆರು ಡಬ್ಬ, ಅಂಕಿ ಬಿದ್ದ ಕೂಡಲೇ ಫೋಕಸ್ ತಾನೇ ಮುಂದಕ್ಕೆ ಓಡುತ್ತದೆ. ತಪ್ಪು ತಿದ್ದಲು ಹಿಂದೆ ಹೋದರೆ ಮತ್ತೆ ಮುಂದಕ್ಕೆ ತಳ್ಳುತ್ತದೆ. ನಮ್ಮ ಲಾಗಿನ್ ಪುಟದಲ್ಲಿ ಒಂದೇ ಡಬ್ಬ ಮಾಡಿದೆ. ಪಾವತಿಯ ಪುಟ ಬೇರೆಯವರದು, ಅವರಿಗೆ ಬರೆದಿದ್ದೇನೆ, ಇನ್ನೂ ಆರು ಡಬ್ಬವೇ ಇದೆ.